ಎರಡು ಚುಕ್ಕಿ

ರವಿವಾರ ಬೆಳಿಗ್ಗೆ ಅರಿವೆ ನೆನೆಹಾಕಿದ ಬಕೆಟ್ಟಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ತನ್ನದೇ ಯಾವುದೋ ಸೀರೆ ಬಣ್ಣ ಬಿಟ್ಟಿತೆಂದು ಭಾಗ್ಯಶ್ರೀ ಹೌಹಾರಿ ಒಂದೊಂದೇ ಅರಿವೆ ಮೇಲೆತ್ತಿದಳು. ಬಣ್ಣ ಬಿಟ್ಟದ್ದು ಸೀರೆಯಲ್ಲ, ಮಾವ ಅಮರಗುಂಡಪ್ಪನವರ ಬಿಳಿ ಅಂಗಿಯ ಎದೆಜೇಬು. ಒಳಗೆ ಕೈ ಹಾಕಿದರೆ ಮೆತ್ತಗೆ ಹಿಟ್ಟಿನಂಥದ್ದು ಬೆರಳಿಗೆ ಹತ್ತಿತು. ಅವೆಲ್ಲ ಗುಳಿಗೆಗಳು. ದಿನಾ ಬೆಳಿಗ್ಗೆ ನಾಷ್ಟಾ ಆದ ಮೇಲೆ ಅವಳೇ ಅವರ ಕೈಗೆ ಕೊಡುತ್ತಿದ್ದ ಹೃದಯದ ಗುಳಿಗೆಗಳು. ಅವರು ಅವಳೆದುರಿಗೇ ನೀರು ಕುಡಿದು, ಕತ್ತು ಮೇಲೆತ್ತಿ, ನುಂಗಿದಂತೆ ಮಾಡುತ್ತಿದ್ದರು. ಅರವತ್ತೆರಡು ವರ್ಷದ ಮನುಷ್ಯ, ಸಿಂಧನೂರು ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಭತ್ತ ಖರೀದಿ ಮಾಡಿದವರು, ಶಾಲೆಯ ಹುಡುಗರ ಹಾಗೆ ಸೊಸೆಯ ಕಣ್ಣಿಗೆ ಮಣ್ಣೆರಚಿದ್ದರು.

"ಅತ್ತೀರೀ, ಇಲ್ಲಿ ಸ್ವಲ್ಪ ಬರ್ರಿ."

ವೀರಭದ್ರಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಬಂದರು. ಜೇಬು ನೋಡಿದರು, ಸೊಸೆಯ ಮುಖ ನೋಡಿದರು.

"ಈ ಮುದುಕನ ಕೊಬ್ಬು ಇನ್ನೂ ಕರಗಿಲ್ಲ ನೋಡು," ಎಂದರು. ಅಂದ ಮೇಲೆ ಅವರಿಗೇ ಹೆದರಿಕೆಯಾಗಿ, ಒಗೆಯುವ ಕಲ್ಲಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು.

ಮಾತು ಎದ್ದದ್ದು ಮಧ್ಯಾಹ್ನದ ಊಟಕ್ಕೆ. ಮಿಲ್ಲಿಗೆ ರಜೆ ಇದ್ದುದರಿಂದ ಮಗ ಸಿದ್ದಲಿಂಗೇಶನೂ ತಂದೆಯ ಪಕ್ಕ ಕೂತಿದ್ದ.

"ಗುಳಿಗಿ ಯಾಕ ಬಿಟ್ಟೀರಿ ಮಾವಾರ?"

ಅಮರಗುಂಡಪ್ಪ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡರು. "ಬ್ಯಾಡನಿಸ್ತು."

"ಬ್ಯಾಡನಿಸ್ತು ಅಂದ್ರ? ಅದೇನು ಚಹಾ ಏನ್ರಿ, ಬೇಕಾದ್ರ ಕುಡ್ಯಾಕ, ಬ್ಯಾಡಾದ್ರ ಬಿಡಾಕ?" ವೀರಭದ್ರಮ್ಮ ರೊಟ್ಟಿಯ ಬುಟ್ಟಿಯನ್ನು ಕುಕ್ಕಿದರು.

"ಎಷ್ಟು ದಿನ ಆತಪ್ಪಾ?" ಮಗ ಕೇಳಿದ.

"ಎಣಿಸಿಲ್ಲ."

"ಇನ್ನ ಮೂರು ವಾರಕ್ಕ ಕಲಬುರಗಿಗೆ ಹೋಗೋದೈತ್ರಿ," ಎಂದಳು ಭಾಗ್ಯಶ್ರೀ. "ಒಳಗ ಕ್ಯಾಮೆರಾ ಹಾಕಿ ನೋಡತಾರ. ಇಂಥಾ ಹೊತ್ತಿನ್ಯಾಗ..."

"ನಾ ಹೋಗಂಗಿಲ್ಲ." ಅಮರಗುಂಡಪ್ಪ ತಲೆ ಎತ್ತದೆ ಹೇಳಿದರು. "ಒಮ್ಮೆ ನಿನ್ನ ಮಾತು ಕೇಳಿ ಎದಿ ಒಡ್ಡೀನವ್ವಾ. ಸಾಕು."

ಮಜ್ಜಿಗೆ ಹಾಕಲು ಬಗ್ಗಿದ್ದ ಭಾಗ್ಯಶ್ರೀ ಹಾಗೆಯೇ ನಿಂತಳು. ಮದುವೆಯಾಗಿ ಆರು ವರ್ಷದಲ್ಲಿ ಮಾವ ಅವಳಿಗೆ ಒಂದು ಬಿರುಸು ಮಾತು ಆಡಿದವರಲ್ಲ. ಗಂಡ ಏನಾದರೂ ಹೇಳುತ್ತಾನೆಂದು ನೋಡಿದಳು. ಅವನು ಉಳ್ಳಾಗಡ್ಡಿ ಕಡಿಯುತ್ತಿದ್ದ.

ಮೂರು ವರ್ಷದ ಹಿಂದೆ ಅಮರಗುಂಡಪ್ಪನವರಿಗೆ ಎದೆನೋವು ಬಂದು ಕಲಬುರಗಿಯ ಆಸ್ಪತ್ರೆಗೆ ಒಯ್ದಾಗ ನಡೆದದ್ದು ಇದು. ಹೃದಯದ ರಕ್ತನಾಳವೊಂದು ಮುಚ್ಚಿದೆ, ಸ್ಟೆಂಟು ಹಾಕಬೇಕು ಎಂದರು ಡಾಕ್ಟರು. ಒಂದು ಲೋಹದ್ದು, ಸಾಯುವತನಕ ಒಳಗೇ ಇರುವಂಥದ್ದು. ಇನ್ನೊಂದು ಹೊಸದು. ರಕ್ತನಾಳ ಗಾಯ ಮಾಯುವತನಕ ಅದನ್ನು ತೆರೆದು ಹಿಡಿದು, ಎರಡು ಮೂರು ವರ್ಷಕ್ಕೆ ತಾನೇ ಕರಗಿ ಹೋಗುವಂಥದ್ದು. ಅದು ಹೇಗೆ ಕರಗುತ್ತದೆಂಬ ಅಧ್ಯಯನ ನಡೆದಿದೆ, ಸೇರಿದವರಿಗೆ ಆರು ತಿಂಗಳಾದಾಗ ಒಮ್ಮೆ, ಮೂರು ವರ್ಷವಾದಾಗ ಇನ್ನೊಮ್ಮೆ ರಕ್ತನಾಳದೊಳಗೆ ಸಣ್ಣ ಬೆಳಕಿನ ಕ್ಯಾಮೆರಾ ಬಿಟ್ಟು ನೋಡುತ್ತೇವೆ ಎಂದರು. ಸಿದ್ದಲಿಂಗೇಶನಿಗೆ ಅವತ್ತು ಅಂಜಿಕೆಗೆ ಮಾತೇ ಹೊರಡುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸೊಸೆಯೇ ಕಾಗದಗಳನ್ನು ಎರಡೆರಡು ಸಲ ಓದಿ, ಡಾಕ್ಟರಿಗೆ ಹತ್ತು ಪ್ರಶ್ನೆ ಕೇಳಿ, "ಕರಗೋದನ್ನ ಹಾಕಸೂಣ್ರಿ" ಎಂದಿದ್ದಳು. ಮೊನ್ನೆಮೊನ್ನೆಯವರೆಗೂ ಈ ಮನೆಯಲ್ಲಿ ಬಂದುಹೋದವರಿಗೆಲ್ಲ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು.

ಆ ಹೆಮ್ಮೆಗೆ ಕಲ್ಲು ಹಾಕಿದವನು ಗುರುಬಸವ. ವೀರಭದ್ರಮ್ಮನ ತಮ್ಮ. ಮಸ್ಕಿಯಲ್ಲಿ ಕಬ್ಬಿಣ ಸಿಮೆಂಟಿನ ಅಂಗಡಿ ಇಟ್ಟವನು, ಯಾವ ವಿಷಯದಲ್ಲೂ ಗೊತ್ತಿಲ್ಲ ಎಂದವನಲ್ಲ. ಹೋದ ವರ್ಷ ಅವನಿಗೂ ಸ್ಟೆಂಟು ಬಿದ್ದಿತ್ತು, ಲೋಹದ್ದು. ಅದರ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಮೊಮ್ಮಗನ ಫೋಟೋ ತೋರಿಸಿದಂತೆ ಎಲ್ಲರಿಗೂ ತೋರಿಸುತ್ತಿದ್ದ. "ನಿಂದು ಹೆಂಗೈತಿ ನೋಡೂಣು ಬಾ ಮಾವ" ಎಂದು, ಗುಳಿಗೆ ಸಿಕ್ಕ ಆ ರವಿವಾರಕ್ಕೆ ಎರಡು ವಾರ ಮೊದಲು ಅಕ್ಕನ ಗಂಡನನ್ನು ಬೈಕಿನ ಮೇಲೆ ಕೂಡಿಸಿಕೊಂಡು ಲಿಂಗಸುಗೂರಿಗೆ ಹೋದ. ಅಲ್ಲಿ ಎಕ್ಸ್‌ರೇ ತೆಗೆಯುವ ಅಮೀನ್‌ಸಾಬ್ ಅವನ ಪರಿಚಯದವನು. ಸ್ಟೆಂಟು ಹಾಕಿದಾಗ ಆಸ್ಪತ್ರೆಯವರು ಕೊಟ್ಟಿದ್ದ ಎಕ್ಸ್‌ರೇ ಚಿತ್ರದ ಸಿ.ಡಿ.ಗಳನ್ನು, ಇಬ್ಬರದನ್ನೂ, ಅಮೀನ್‌ಸಾಬ್ ಹಾಕಿ ತೋರಿಸಿದ. ಗುರುಬಸವನದರಲ್ಲಿ ಸಣ್ಣ ಜಾಳಿಗೆ ಕರ್ರಗೆ ಎದ್ದು ಕಾಣುತ್ತಿತ್ತು. ಅಮರಗುಂಡಪ್ಪನವರದರಲ್ಲಿ ಏನೂ ಇಲ್ಲ, ಎರಡು ಕರಿ ಚುಕ್ಕಿ ಮಾತ್ರ.

"ಎರಡು ಚುಕ್ಕಿ ಅದಾವ್ರಿ, ಅಷ್ಟಾ. ಇಂಥಾದು ನಾ ನೋಡಿಲ್ಲ, ಡಾಕ್ಟರನ್ನ ಕೇಳ್ರಿ," ಎಂದಿದ್ದ ಅಮೀನ್‌ಸಾಬ್. ಪಾಪ, ಅವನದೇನೂ ತಪ್ಪಿಲ್ಲ. ಗುರುಬಸವ ಮಾತ್ರ ಯಾರನ್ನೂ ಕೇಳುವ ಗೋಜಿಗೆ ಹೋಗದೆ, ಮಸ್ಕಿಯಿಂದ ಸಿಂಧನೂರಿನವರೆಗೆ ಸಿಕ್ಕವರಿಗೆಲ್ಲ, "ಏನೂ ಹಾಕಿಲ್ಲ, ಬರೇ ಚುಕ್ಕಿ ಇಟ್ಟು ಕಳಿಸ್ಯಾರ" ಎಂದು ಡಂಗುರ ಹೊಡೆದ.

*

ಸೋಮವಾರ ಶಾಲೆಯ ಬಿಡುವಿನಲ್ಲಿ ಭಾಗ್ಯಶ್ರೀ ಆಸ್ಪತ್ರೆಗೆ ಫೋನ್ ಮಾಡಿದಳು. ಅಧ್ಯಯನ ನೋಡಿಕೊಳ್ಳುವ ನರ್ಸು ಬಿಡಿಸಿ ಹೇಳಿದರು. ಗುಳಿಗೆ ಇವತ್ತೇ ಮತ್ತೆ ಶುರು ಮಾಡಿಸಬೇಕು, ಎದೆಯಲ್ಲಿ ಸ್ವಲ್ಪ ಭಾರವೆನಿಸಿದರೂ ತಕ್ಷಣ ಹೊರಡಬೇಕು ಎಂದು ಎರಡೆರಡು ಸಲ ಎಚ್ಚರಿಸಿದರು. ಸಂಜೆ ಮನೆಯಲ್ಲಿ ಅವಳು ಗಂಡನಿಗೆ ಅದನ್ನು ದಾಟಿಸಲು ನೋಡಿದಳು.

"ಅದು ಲೋಹದ್ದಲ್ಲ, ಎಕ್ಸ್‌ರೇಕ್ಕ ಕಾಣಂಗಿಲ್ಲ. ತುದಿ ಎಲ್ಲೈತಂತ ಡಾಕ್ಟರಿಗೆ ಗೊತ್ತಾಗಲಿ ಅಂತ ಎರಡು ಕಡೆ ಲೋಹದ ಚುಕ್ಕಿ ಇಟ್ಟಿರತಾರ. ಒಳಗಿಂದು ಕಾಣಬೇಕಂದ್ರ ಒಳಗ ಕ್ಯಾಮೆರಾ ಹೋಗಬೇಕು."

"ಹಾಕ್ಯಾರಂದ್ರೂ ಕಾಣಂಗಿಲ್ಲ, ಹಾಕಿಲ್ಲಂದ್ರೂ ಕಾಣಂಗಿಲ್ಲ. ಭಾರೀ ಐತಲ್ಲ ನಿಂದು!" ಸಿದ್ದಲಿಂಗೇಶ ಅಂಗಿ ಕಳಚಿ ಗೂಟಕ್ಕೆ ಎಸೆದ. "ಮಿಲ್ಲಿನ್ಯಾಗ ಮಂದಿ ನಗಾಕತ್ತಾರ ನನಗ. ಹೇಣ್ತಿ ಮಾತು ಕೇಳಿ ಅಪ್ಪಗ ಗಾಳಿ ತುಂಬಿಸಿಕೊಂಡು ಬಂದ ಅಂತ."

"ಅವತ್ತು ಯಾಕ ಸುಮ್ಮನ ನಿಂತಿದ್ದಿ? ನೀನ ಹೇಳಬೇಕಿತ್ತು."

"ಅವತ್ತು ನಾ ಮಾತಾಡೋ ಸ್ಥಿತಿಯೊಳಗ ಇದ್ನೇನು?"

"ಮತ್ತ ಯಾರರ ಒಬ್ಬರು ಮಾತಾಡಬೇಕಿತ್ತಲ್ಲ!"

ಒಲೆಯ ಮುಂದಿದ್ದ ವೀರಭದ್ರಮ್ಮ ಚಮಚದಿಂದ ಪಾತ್ರೆ ಬಡಿದರು. "ಸಾಕ್ ಮಾಡ್ರಿ. ಆತ ಪಡಸಾಲ್ಯಾಗ ಅದಾನ, ಕೇಳಸತೈತಿ."

ಅಮರಗುಂಡಪ್ಪನವರಿಗೆ ಕೇಳಿಸಿತ್ತು. ಅವರು ಜಗಳಕ್ಕೆ ಬರಲಿಲ್ಲ. ಅದೇ ಮನೆಯವರಿಗೆಲ್ಲ ವಿಚಿತ್ರವೆನಿಸಿದ್ದು. ಮೋಸಹೋದೆನೆಂದು ಸಿಟ್ಟು ಬಂದಿದ್ದರೆ ಈ ಹೊತ್ತಿಗೆ ಅವರು ಆಸ್ಪತ್ರೆಯ ಬಾಗಿಲಲ್ಲಿ ಕೂತು ಕೂಗಾಡುತ್ತಿದ್ದರು. ಒಂದು ಚೀಲ ಹಸಿ ಭತ್ತ ಕಣ್ತಪ್ಪಿ ಬಂದರೆ ಊರು ಒಂದು ಮಾಡುವ ಮನುಷ್ಯ. ಈಗ ಸುಮ್ಮನೆ ಮನೆಯೊಳಗೆ ಅಡ್ಡಾಡುತ್ತಿದ್ದರು. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ. ಕೂತರೆ ಏಳುವರು, ಎದ್ದರೆ ಕೂಡುವರು. ಗುರುವಾರ ಬಸ್‌ಸ್ಟ್ಯಾಂಡಿನಿಂದ ಒಂದು ಪೊಟ್ಟಣ ಮಿರ್ಚಿ ಭಜಿ ತಂದು, ಒಗ್ಗರಣಿ ಮಂಡಾಳದ ಜೊತೆ ಎಲ್ಲರೆದುರಿಗೇ ತಿಂದರು. ಮೂರು ವರ್ಷದಿಂದ ಎಣ್ಣೆಯ ಪದಾರ್ಥ ಮುಟ್ಟದವರು.

"ತಿನ್ಲಿ ಬಿಡು," ಎಂದು ವೀರಭದ್ರಮ್ಮ ಸೊಸೆಯ ಕೈ ತಡೆದರು. ಮರುಗಳಿಗೆಗೆ ತಾವೇ ಹೋಗಿ ಪೊಟ್ಟಣ ಕಿತ್ತುಕೊಂಡರು. "ತಿಂದು ಸಾಯಬೇಕಂತ ಮಾಡೀರೇನು?"

"ಸಾಯೋದು ಬದುಕೋದು ನಮ್ಮ ಕೈಯಾಗ ಐತೇನ?" ಎಂದು ಅಮರಗುಂಡಪ್ಪ ಬೆರಳು ಒರೆಸಿಕೊಂಡರು.

ಗುಳಿಗೆಯ ವಿಷಯಕ್ಕೆ ಮಾತ್ರ ದಿನಾ ರಂಪ. ಭಾಗ್ಯಶ್ರೀ ಕೊಟ್ಟರೆ ಅವರು ಬಾಯಿ ಬಿಗಿಹಿಡಿಯುತ್ತಿದ್ದರು. ಮಗ ಕೊಟ್ಟರೆ ಇಸಿದುಕೊಂಡು ಎಲ್ಲೋ ಇಟ್ಟು ಮರೆಯುತ್ತಿದ್ದರು. ಕೊನೆಗೆ ವೀರಭದ್ರಮ್ಮ, ಮೇಲಿಂದ ಮೇಲೆ ಅತ್ತು, "ನಾನೂ ಉಣ್ಣಂಗಿಲ್ಲ" ಎಂದು ಕೂತರೆ ಒಂದು ನುಂಗುವರು, ಮರುದಿನ ಮತ್ತೆ ಇಲ್ಲ. ಭಾಗ್ಯಶ್ರೀಗೆ ಶಾಲೆಯಲ್ಲೂ ಧ್ಯಾಸವಿಲ್ಲ. ಹತ್ತನೇ ತರಗತಿಗೆ ರಕ್ತಪರಿಚಲನೆಯ ಪಾಠ ಇತ್ತು. ಹಲಗೆಯ ಮೇಲೆ ಹೃದಯದ ಚಿತ್ರ ಬರೆದು, ಮುಂದೆ ಹೇಳಲಾಗದೆ, ಓದಿಕೊಳ್ಳಿ ಎಂದು ಕೂತುಬಿಟ್ಟಳು. ಮಾವನಿಗೆ ಏನಾದರೂ ಆದರೆ ತನ್ನ ಮಾತಿನಿಂದಲೇ ಆಯಿತೆನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಒಳಗೆ ನಿಜವಾಗಿ ಏನೂ ಇರದಿದ್ದರೆ? ಆ ಅನುಮಾನ ಅವಳಿಗೂ ಹತ್ತಿತ್ತು, ಯಾರಿಗೂ ಹೇಳುವಂತಿರಲಿಲ್ಲ.

*

ಎರಡನೆಯ ವಾರ ಮಾರುಕಟ್ಟೆಯಿಂದ ಒಂದು ಸುದ್ದಿ ಬಂತು. ಅಮರಗುಂಡಪ್ಪ ತಮ್ಮ ಕಬ್ಬಿಣದ ಕೊಳವೆಯನ್ನು ಹಮಾಲಿಗಳ ಮುಖ್ಯಸ್ಥ ಮೌಲಾಸಾಬನಿಗೆ ಕೊಟ್ಟುಬಿಟ್ಟಿದ್ದಾರೆ ಎಂದು. ತುದಿ ಚೂಪಾದ, ಗೇಣುದ್ದದ ಟೊಳ್ಳು ಕೊಳವೆ ಅದು. ಚೀಲಕ್ಕೆ ಚುಚ್ಚಿ ಎಳೆದರೆ ಒಳಗಿನ ಭತ್ತ ಒಂದು ಹಿಡಿ ಹೊರಗೆ ಬರುತ್ತದೆ, ಚೀಲ ಬಿಚ್ಚುವ ಕೆಲಸವಿಲ್ಲ. ನಲವತ್ತು ವರ್ಷ ಅವರ ಅನ್ನ ಅದರಿಂದಲೇ ಹುಟ್ಟಿದ್ದು.

ಆ ದಿನ ಶಾಲೆ ಮುಗಿಸಿದ ಭಾಗ್ಯಶ್ರೀ ಮನೆಗೆ ಬರದೆ ಆಟೋ ಹಿಡಿದು ಮಾರುಕಟ್ಟೆಗೆ ಹೋದಳು. ಆ ಮನೆಯ ಸೊಸೆ ಹಿಂದೆಂದೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಚೀಲಗಳ ಸಾಲಿನ ನಡುವೆ ಅವಳು ಬರುತ್ತಿರುವುದನ್ನು ನೋಡಿ ಮೌಲಾಸಾಬ್ ಹೆಗಲ ಮೇಲಿನ ಟವೆಲ್ಲು ತೆಗೆದು ಓಡಿಬಂದ.

"ಏನಾತ್ರೀ ಅಕ್ಕಾರ? ಯಜಮಾನರು ಆರಾಮ ಅದಾರಿಲ್ರಿ?"

"ಅದನ್ನ ಕೇಳಾಕ ಬಂದೀನಿ ಮೌಲಾಸಾಬ್. ಕೊಳವಿ ಕೊಡೋ ಮುಂದ ಏನಂದ್ರು?"

ಮೌಲಾಸಾಬ್ ಅತ್ತಿತ್ತ ನೋಡಿದ. "ಏನೂ ಅನ್ಲಿಲ್ರಿ. ಒಂದ ಮಾತು ಕೇಳಿದ್ರು, ನನಗ ತಿಳೀಲಿಲ್ಲ. 'ಎರಡು ಚುಕ್ಕಿ ಬಿದ್ದ ಚೀಲ ಏನ್ ಮಾಡತೀಯೋ ಮೌಲಾ?' ಅಂದ್ರು. 'ಎತ್ತಂಗಿಲ್ರಿ' ಅಂದೆ. ನಕ್ಕರು. ಕೊಳವಿ ಕೈಯಾಗಿಟ್ಟು ಹ್ವಾದ್ರು."

"ಎರಡು ಚುಕ್ಕಿ ಅಂದ್ರೇನು?"

ಅವನು ಅವಳನ್ನು ಗೋಡೆಯ ಪಕ್ಕಕ್ಕೆ ಕರೆದೊಯ್ದು ಬೇರೆ ಇಟ್ಟಿದ್ದ ಚೀಲಗಳನ್ನು ತೋರಿಸಿದ. ಒಂದೊಂದರ ಹೊಟ್ಟೆಯ ಮೇಲೂ ನೀಲಿ ಬಣ್ಣದ ಎರಡು ಚುಕ್ಕಿ. ಅದು ಮಾರುಕಟ್ಟೆಯ ಕಾನೂನೇನಲ್ಲ, ಅಮರಗುಂಡಪ್ಪನವರೇ ಮಾಡಿಕೊಂಡ ರೂಢಿ. ಮಾಲು ಪಾಸಾದರೆ ಒಂದು ಗೀಟು. ಚುಚ್ಚಿ ನೋಡಿ, ಒಳಗೆ ಕೆಟ್ಟಿದೆ ಎಂದು ಬಿಟ್ಟ ಚೀಲಕ್ಕೆ ಎರಡು ಚುಕ್ಕಿ. ತಂದ ರೈತನ ಎದುರಿಗೆ ಬೇಡ ಎಂದು ಹೇಳಿ ಅವನ ಮುಖ ಇಳಿಸಬಾರದೆಂದು ಬಾಯಿ ಬಿಡದೆ ಚುಕ್ಕಿ ಇಟ್ಟು ಮುಂದಿನ ಚೀಲಕ್ಕೆ ಹೋಗುತ್ತಿದ್ದರು. ಹಮಾಲಿಗಳು ಅದನ್ನು ಮುಟ್ಟುತ್ತಿರಲಿಲ್ಲ.

ಭಾಗ್ಯಶ್ರೀ ಒಂದು ಚೀಲದ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಮನೆಯವರೆಲ್ಲ ಇಷ್ಟು ದಿನ ಮೋಸ, ಮೋಸ ಎಂದು ಕೂಗಾಡುತ್ತಿದ್ದರು. ಮಾವ ಮಾತ್ರ ಬೇರೆಯದನ್ನೇ ತಿಳಿದಿದ್ದರು. ಡಾಕ್ಟರು ಒಳಗೆ ನೋಡಿ, ಇದು ಕೆಟ್ಟುಹೋಗಿದೆ ಎಂದುಕೊಂಡು, ಮುಖದ ಮೇಲೆ ಹೇಳಲಾಗದೆ ಎರಡು ಚುಕ್ಕಿ ಇಟ್ಟು ಮನೆಗೆ ಕಳಿಸಿದರು ಎಂದು.

*

ಅಂದು ರಾತ್ರಿಯ ಊಟಕ್ಕೆ ನುಚ್ಚು, ಬ್ಯಾಳಿ. ಅವಳು ಬಡಿಸುತ್ತಲೇ ಕೇಳಿದಳು, ತಡಮಾಡಿದರೆ ಧೈರ್ಯ ಸಾಲದೆಂದು.

"ಮಾವಾರ, ಡಾಕ್ಟರು ನಿಮ್ಮನ್ನ ಕೈ ಬಿಟ್ಟಾರಂತ ತಿಳಕೊಂಡೀರೇನು?"

ಅಮರಗುಂಡಪ್ಪನವರ ತುತ್ತು ಬಾಯಿಯ ಹತ್ತಿರ ನಿಂತಿತು. ಸಿದ್ದಲಿಂಗೇಶ, "ಏನದು ಮಾತು?" ಎಂದು ಗದರಲು ಹೋದ. ವೀರಭದ್ರಮ್ಮ ಗಂಡನ ಮುಖ ನೋಡಿದವರೇ ಮಗನ ಭುಜ ಹಿಡಿದು ಸುಮ್ಮನಾಗಿಸಿದರು.

"ಮೌಲಾಸಾಬ್ ಹೇಳಿದ್ನೇನು?"

"ಹೂಂನ್ರಿ."

"ನಲವತ್ತು ವರ್ಷ ನಾನೂ ಅದನ್ನ ಮಾಡೀನಿ," ಎಂದರು ಅವರು. "ಬಾಯಿಲೆ ಅಂದಿಲ್ಲ. ಚುಕ್ಕಿ ಇಟ್ಟು ಮುಂದ ಹೋಗೀನಿ. ಮಂದಿಗೆ ತಿಳೀತಿತ್ತು. ನನಗೂ ತಿಳೀತು." ಅವರು ತುತ್ತನ್ನು ತಾಟಿಗೆ ಇಳಿಸಿದರು. "ಕೆಟ್ಟ ಮಾಲಿಗೆ ಔಷಧ ಯಾಕ ಹೊಡೀಬೇಕು? ಸುಮ್ಮನ ದಂಡ."

ವೀರಭದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ಒಂದು ತಿಂಗಳಿಂದ ಹೊಟ್ಟ್ಯಾಗ ಇದನ್ನ ಇಟಗೊಂಡು ಅಡ್ಡಾಡಾಕತ್ತೀರಿ? ನನಗ ಹೇಳಾಕ ಏನಾಗಿತ್ರಿ?"

"ನಿನಗ ಹೇಳಿ ಏನು ಮಾಡಲಿ? ನೀ ಅಳತಿ."

"ನಾನು ಈಗೇನು ನಗಾಕತ್ತೀನಾ?"

ಸಿದ್ದಲಿಂಗೇಶ ತಾಟು ಸರಿಸಿ ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ. ಭಾಗ್ಯಶ್ರೀ ಮಾವನ ಎದುರಿಗೇ ನೆಲದ ಮೇಲೆ ಕುಳಿತಳು.

"ಚೀಲದ ಹೊರಗ ನಿಂತು ಯಾವತ್ತರ ಮಾಲು ಕೊಂಡೀರೇನ್ರಿ ಮಾವಾರ? ಮ್ಯಾಲಿಂದ ನೋಡಿ?"

"ಹುಚ್ಚೇನು? ಚುಚ್ಚಲಾರದ ಹೆಂಗ ತಿಳೀಬೇಕು?"

"ಎಕ್ಸ್‌ರೇ ಅಂದ್ರ ಹೊರಗ ನಿಂತು ನೋಡಿದಂಗ್ರಿ. ಕ್ಯಾಮೆರಾ ಅಂದ್ರ ನಿಮ್ಮ ಕೊಳವಿ. ಮುಂದಿನ ವಾರ ಒಳಗ ಹಾಕಿ ನೋಡತಾರ. ಅಲ್ಲೀತನಾ ಗುಳಿಗಿ ನುಂಗ್ರಿ. ಆಮ್ಯಾಲ ನೀವು ಏನಂತೀರೋ ಅದು."

"ಒಳಗ ಏನೂ ಇರಲಿಲ್ಲಂದ್ರ?"

"ಏನೂ ಹಾಕೇ ಇಲ್ಲಂತಾದ್ರ ನಾ ಮತ್ತ ಈ ಮನ್ಯಾಗ ಯಾವುದಕ್ಕೂ ಮಾತು ಹೇಳಂಗಿಲ್ರಿ. ಮಾಡಿ ಹಾಕತೀನಿ, ಶಾಲಿಗೆ ಹೋಗತೀನಿ, ಅಷ್ಟಾ."

ಅಮರಗುಂಡಪ್ಪ ಬಹಳ ಹೊತ್ತು ನುಚ್ಚು ಕಲಸಿದರು. "ಕಲಬುರಗಿಗೆ ನಸುಕಿನ್ಯಾಗ ಹೊಂಟ್ರ ಬಿಸಲಿಗೆ ಸಿಗೋದಿಲ್ಲ. ಬೆಳಕು ಹರಿಯೂದ್ರಾಗ ಬಿಡೂಣು," ಎಂದರು. ಅದು ಒಪ್ಪಿಗೆ ಎಂದು ತಿಳಿಯಲು ಮನೆಯವರಿಗೆ ಒಂದು ಕ್ಷಣ ಬೇಕಾಯಿತು.

*

ಕಲಬುರಗಿಯಲ್ಲಿ ಅವರನ್ನು ಒಳಗೆ ಕರೆದೊಯ್ದ ಮೇಲೆ ಮೂವರೂ ಹೊರಗಿನ ಕುರ್ಚಿಗಳಲ್ಲಿ ಕೂತರು. ಗಂಡ ಹೆಂಡತಿ ಮೂರು ವಾರದಿಂದ ನೆಟ್ಟಗೆ ಮಾತಾಡಿರಲಿಲ್ಲ. ಸಿದ್ದಲಿಂಗೇಶ ಎರಡು ಚಹಾ ತಂದು ಒಂದನ್ನು ತಾಯಿಗೆ, ಒಂದನ್ನು ಹೆಂಡತಿಗೆ ಕೊಟ್ಟ. ತನಗೆ ತರುವುದನ್ನು ಮರೆತಿದ್ದ. ಭಾಗ್ಯಶ್ರೀ ಅರ್ಧ ಕುಡಿದು ಅವನ ಕೈಗೆ ಕೊಟ್ಟಳು.

ಮುಕ್ಕಾಲು ತಾಸಿನ ಮೇಲೆ ಡಾಕ್ಟರು ಎಲ್ಲರನ್ನೂ ಒಳಗೆ ಕರೆದರು. ಅಮರಗುಂಡಪ್ಪ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಗಾಲಿಕುರ್ಚಿಯಲ್ಲಿದ್ದರು. ಕಂಪ್ಯೂಟರಿನ ಮೇಲೆ ಸಾಲಾಗಿ ಮೂರು ದುಂಡನೆಯ ಚಿತ್ರಗಳು.

"ಇದು ಹಾಕಿದ ದಿನ ತೆಗೆದದ್ದು," ಎಂದರು ಡಾಕ್ಟರು. ದುಂಡಗಿನ ಗೋಡೆಯ ಉದ್ದಕ್ಕೂ ಸಣ್ಣ ಸಣ್ಣ ಚೌಕಗಳು ಎದ್ದು ಕಾಣುತ್ತಿದ್ದವು. "ಈ ಚೌಕಗಳೇ ಸ್ಟೆಂಟಿನ ಎಳೆಗಳು. ಇದು ಆರು ತಿಂಗಳಿಗೆ." ಚೌಕಗಳು ಅಲ್ಲೇ ಇದ್ದವು, ಮೇಲೆ ತೆಳುವಾಗಿ ಚರ್ಮ ಬೆಳೆದಿತ್ತು. "ಇದು ಇವತ್ತಿನದು. ಹುಡುಕಿ ನೋಡಿ."

ವೀರಭದ್ರಮ್ಮ ಮುಂದಕ್ಕೆ ಬಾಗಿದರು. ಒಂದೂ ಚೌಕವಿರಲಿಲ್ಲ. ನುಣ್ಣನೆಯ ಗೋಡೆ, ನಡುವೆ ದಾರಿ ತೆರೆದಿತ್ತು.

"ಹಾಕಿದ್ದು ಖರೇನ್ರಿ ಹಂಗಾರ?" ಸಿದ್ದಲಿಂಗೇಶ ಮೆಲ್ಲಗೆ ಕೇಳಿದ.

"ಹಾಕದೆ ಇದ್ದಿದ್ರೆ ಮೊದಲಿನ ಚಿತ್ರ ಎಲ್ಲಿಂದ ಬರುತ್ತೆ?"

ಭಾಗ್ಯಶ್ರೀ ಉಸಿರು ಬಿಟ್ಟಳು. ಅಷ್ಟರಲ್ಲಿ ಡಾಕ್ಟರು ಚಿತ್ರವನ್ನು ಮುಂದೆ ಸರಿಸಿದರು. ಗೋಡೆಯ ಒಂದು ಮೂಲೆಗೆ ಹಿಂಜಿದ ಅರಳೆಯಂಥದ್ದು ಅಂಟಿಕೊಂಡಿತ್ತು.

"ಇದು ಹೊಸದು. ರಕ್ತ ಹೆಪ್ಪುಗಟ್ಟಲು ಶುರುವಾಗಿದೆ. ಗುಳಿಗೆ ಬಿಟ್ಟಿದ್ರಾ?"

ಡಾಕ್ಟರು ಭಾಗ್ಯಶ್ರೀಯ ಕಡೆ ನೋಡಿದರು. "ನೀವೇ ಅಲ್ವಾ ನೋಡಿಕೊಳ್ಳೋದು?"

"ಅಕೀದೇನೂ ಇಲ್ರಿ," ಎಂದರು ಅಮರಗುಂಡಪ್ಪ. "ಅಕಿ ದಿನಾ ಕೊಟ್ಟಾಳ. ನಾ ಕಳ್ಳಾಟ ಆಡೀನಿ. ಇಪ್ಪತ್ತು ದಿನದ ಮ್ಯಾಲ ಆತು. ಬೈಯೋದಿದ್ರ ನನಗ ಬೈರಿ."

ಡಾಕ್ಟರು ಬೈದರು, ಚೆನ್ನಾಗಿಯೇ ಬೈದರು. ಈಗ ಸಣ್ಣದಿದೆ, ಗುಳಿಗೆ ತಪ್ಪದಿದ್ದರೆ ಕರಗೀತು, ಇನ್ನೊಂದು ತಿಂಗಳು ಬಿಟ್ಟಿದ್ದರೆ ನಾವು ಹೀಗೆ ಕೂತು ಮಾತಾಡುತ್ತಿರಲಿಲ್ಲ ಎಂದರು. ಎರಡು ತಿಂಗಳಿಗೆ ಮತ್ತೆ ಬಂದು ತೋರಿಸಬೇಕು ಎಂದರು. ವೀರಭದ್ರಮ್ಮ ಪ್ರತಿ ಮಾತಿಗೂ ತಲೆಯಾಡಿಸಿದರು.

ಮರುದಿನ ತಿರುಗಿ ಬರುವಾಗ ಮಸ್ಕಿಯಲ್ಲಿ ಗುರುಬಸವ ಇವರ ಕಾರನ್ನು ತಡೆದು ನಿಲ್ಲಿಸಿ ಊಟಕ್ಕೆ ಎಳೆದೊಯ್ದ. ಕೈಗೆ ನೀರು ಕೊಡುತ್ತಲೇ ಶುರುಮಾಡಿದ. "ಏನಂದ್ರು ಮಾವ? ಇತ್ತೋ ಇಲ್ಲೋ?"

"ಭಾಗ್ಯಾನ್ನ ಕೇಳು."

ಭಾಗ್ಯಶ್ರೀ ಮೂರು ಚಿತ್ರದ ಕಥೆ ಹೇಳಿದಳು. ಗುರುಬಸವ ಕೇಳಿ, ಗಲ್ಲ ಕೆರೆದುಕೊಂಡು, "ಹಂಗಾರ ಈಗ ಒಳಗ ಏನೂ ಇಲ್ಲ. ನಾ ಅದನ್ನ ಹೇಳಿದ್ದಿಲ್ಲೇನು?" ಎಂದ. ಸಿದ್ದಲಿಂಗೇಶ ಮೊದಲು ನಕ್ಕ, ಆಮೇಲೆ ಎಲ್ಲರೂ ನಕ್ಕರು. ಗುರುಬಸವನಿಗೆ ಯಾಕೆಂದು ತಿಳಿಯಲಿಲ್ಲ.

ಅಮರಗುಂಡಪ್ಪ ಮಾತ್ರ ಊಟದ ನಡುವೆಯೇ ಎದ್ದು ಅಂಗಳಕ್ಕೆ ಹೋದರು. ಅತ್ತೆ ಕಣ್ಸನ್ನೆ ಮಾಡಿದ್ದಕ್ಕೆ ಭಾಗ್ಯಶ್ರೀ ಹಿಂದೆಯೇ ಹೋದಳು. ಅವರು ಗೋಡೆಯ ನೆರಳಿನಲ್ಲಿ ನಿಂತು ಪಟ್ಟಿ ಕಟ್ಟಿದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದರು.

"ನೋವೈತೇನ್ರಿ ಮಾವಾರ?"

"ಇಲ್ಲವ್ವ." ಅವರು ಎರಡು ಹೆಜ್ಜೆ ಅತ್ತ ಹೋಗಿ ಮತ್ತೆ ಬಂದರು. "ಅದು ಕರಗಿ ಹೋತು. ಬರಾಬರಿ. ಹಂಗಾರ ಈಗ ನರಾನ ತೆರದು ಹಿಡಕೊಂಡಿರೋದು ಯಾವುದು?"

"ಯಾವುದೂ ಇಲ್ರಿ. ತಾನ ನಿಂತೈತಿ."

"ಹಿಂಗ ನಿಲ್ಲತೈತೇನು, ಕಡೀತನಾ?"

ನಿಲ್ಲುತ್ತದೆ ಎನ್ನಲು ಅವಳಿಗೆ ಬಾಯಿಯವರೆಗೆ ಬಂದಿತ್ತು. ಅವರು ಕಾಯುತ್ತಿದ್ದುದೂ ಅದಕ್ಕೇ. ಅವಳ ಕಣ್ಣಲ್ಲಿ ನೀರು ತುಂಬಿತು.

"ನನಗ ಗೊತ್ತಿಲ್ರಿ ಮಾವಾರ," ಎಂದಳು.

ಅಮರಗುಂಡಪ್ಪ ಅವಳನ್ನು ದಿಟ್ಟಿಸಿ ನೋಡಿದರು. ಒಳಗೆ ಗುರುಬಸವ ಏನನ್ನೋ ಗಟ್ಟಿಯಾಗಿ ವಿವರಿಸುತ್ತಿದ್ದ.

"ಒಂದು ತಿಂಗಳಿಂದ ಗೊತ್ತಿಲ್ಲ ಅಂದಾಕಿ ನೀ ಒಬ್ಬಾಕೀನ," ಎಂದರು. "ಎರಡು ತಿಂಗಳಿಗೂ ನೀನ ಬರಬೇಕು ನನ್ನ ಜೋಡಿ. ಸಿದ್ದಗ ನಾ ಹೇಳತೀನಿ."